ಬೇಡ ಎನ್ನಲು ಬಾರದವಳು

ಕುಂಚದ ತುದಿಯಿಂದ ಕೆಂಪು ಬಣ್ಣ ಜಾರಿ ಬೂಟಿನ ಮೇಲೆ ಬಿತ್ತು, ಬೀಳಲಿ, ಗಂಡ ಕ್ಲೈವನ ಹಳೆಯ ಬೂಟು ತಾನೇ, ಎರಡು ಜೊತೆ ಕಾಲುಚೀಲ ಹಾಕಿಕೊಂಡರೂ ಹಿಮ್ಮಡಿಯಲ್ಲಿ ಸಡಿಲ, ಇದ್ದಾಗ ಅವನೂ ಪ್ರತಿ ಏಪ್ರಿಲ್‌ನಲ್ಲಿ ಇದೇ ಹಲಗೆಬೇಲಿಯ ಮುಂದೆ ನಿಂತು ಗೊಣಗುತ್ತಿದ್ದ, ನಮ್ಮ ಹೆರಿಫರ್ಡಿನಲ್ಲಾಗಿದ್ರೆ ಇದಕ್ಕೊಬ್ಬ ಆಳು ಬರ್ತಿದ್ದ ಕಣೇ ಹೇಜಲ್, ಇಲ್ಲಿ ನೋಡು, ಹಲ್ಲಿನ ಡಾಕ್ಟರೂ ಪೊರಕೆ ಹಿಡೀತಾನೆ — ಗೊಣಗುತ್ತಲೇ ಎಲ್ಲರಿಗಿಂತ ಮೊದಲು ಬಂದು ಎಲ್ಲರೂ ಹೋದ ಮೇಲೆ ಹೋಗುತ್ತಿದ್ದವನೂ ಅವನೇ, ವಸಂತಕ್ಕೊಂದು ದಿನ ಇಡೀ ವಠಾರ ಕೂಡಿ ಮಾಡುವ ಈ ಮುಯ್ಯಾಳಿನ ಕೆಲಸಕ್ಕೆ, ದುಗ್ನಾದ್ ಅನ್ನುತ್ತಾರೆ ಇವರು, ಒಂದು ಸಲವೂ ತಪ್ಪಿಸಿಕೊಂಡವನಲ್ಲ. ಸಮುದ್ರದ ನಡುವಿನ ಎಣ್ಣೆಬಾವಿಯ ಕೆಲಸಕ್ಕೆಂದು ದೇಶ ಬಿಟ್ಟು ಎರಡು ವರ್ಷದ ಮಟ್ಟಿಗೆ ಸ್ತವಾಂಗರ್‌ಗೆ ಬಂದದ್ದು, ಎರಡು ಹೋಗಿ ಮೂವತ್ತೊಂದಾಯಿತು, ಅವನು ಇಲ್ಲಿನ ಚರ್ಚಿನ ಹಿಂದಿನ ಮಣ್ಣಿನಲ್ಲಿ ಮಲಗಿ ಈಗ ಮೂರು ವರ್ಷ. ಗಡಿಯಾರ ನೋಡಬಾರದು ಎಂದುಕೊಂಡೇ ನೋಡಿದಳು, ಹನ್ನೊಂದೂ ಕಾಲು, ಹನ್ನೆರಡಕ್ಕೆ ಅಕ್ಕ ಐಲೀನ್ ಫೋನ್ ಮಾಡುತ್ತಾಳೆ, ಅಕ್ಕ ಹನ್ನೆರಡು ಅಂದರೆ ಹನ್ನೆರಡೇ — ನೋಡು ಹೇಜ್, ನನ್ನ ಪಕ್ಕದ ಮನೆ, ಗೋಡೆಗೆ ಗೋಡೆ, ಆರ್ಮರಾಡಮ್ಮನ ಮಗ ಅದನ್ನ ಮಾರದೆ ನಿನಗೋಸ್ಕರ ನಾಲ್ಕು ತಿಂಗಳು ಕಾದಿದಾನೆ, ಶನಿವಾರ ಮಧ್ಯಾಹ್ನದೊಳಗೆ ಹೂಂ ಅಂದ್ರೆ ನಿಂದು, ಇಲ್ಲಾಂದ್ರೆ ಬೇರೆಯವರಿಗೆ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ, ಬರ್ತೀಯೋ ಬರಲ್ವೋ ಅಷ್ಟು ಹೇಳು. ಊರಿಗೆ ಹೋಗಿ ನೆಲೆಸುವುದೋ ಇಲ್ಲೇ ಉಳಿಯುವುದೋ, ಉಳಿದ ಆಯುಷ್ಯದ ಮಾತು, ಇರುವುದು ಮುಕ್ಕಾಲು ಗಂಟೆ. ನಾಲ್ಕು ತಿಂಗಳಿಂದ ಅವಳು ಹೇಳುತ್ತ ಬಂದದ್ದು ಒಂದೇ, ಎಷ್ಟು ಒಳ್ಳೆ ಯೋಚನೆ ಅಕ್ಕ, ನೋಡೋಣ ಅಕ್ಕ — ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ, ಏನೆಂದು ಅವಳಿಗೇ ಗೊತ್ತಿಲ್ಲ.

ಬೇಲಿಯ ಆ ತುದಿಯಿಂದ ಅರ್ವಿದ್ ಬಳಿಯುತ್ತ ಬರುತ್ತಿದ್ದಾನೆ, ಕೆಳಗಿನ ಮನೆಯವನು, ಎಪ್ಪತ್ತರ ಮೇಲೆ ವಯಸ್ಸು, ಕೈ ಮಾತ್ರ ಅಲುಗುವುದಿಲ್ಲ, ಇಬ್ಬರ ನಡುವೆ ಇನ್ನೂ ಬಣ್ಣ ಕಾಣದ ಹಲಗೆ ಹದಿನೇಳು. ಬೆಳಗಿನಿಂದ ಅವನು ಆಡಿದ ಮಾತು ಎರಡು, ಬಂದ್ಯಾ, ಆಮೇಲೆ, ತೆಳುವಾಗಿ ಬಳೀತಿದ್ದೀಯ. ಹೆರಿಫರ್ಡಿನಲ್ಲಾದರೆ ಇಷ್ಟು ಹೊತ್ತಿಗೆ ಪಕ್ಕದವನ ಮಂಡಿನೋವು, ಮೋಡದ ವಿಚಾರ, ಬೆಕ್ಕಿನ ಆಪರೇಷನ್, ಸೊಸೆಯ ಕೊಬ್ಬು ಎಲ್ಲ ಮುಗಿದು ಎರಡನೆಯ ಸುತ್ತು ಚಹಾ ಆಗಿರುತ್ತಿತ್ತು, ಬಸ್ಸು ಹತ್ತಿದರೆ ಡ್ರೈವರ್ ಬಾ ಚಿನ್ನ ಅನ್ನುತ್ತಾನೆ, ಇಳಿಯುವಾಗ ಎಲ್ಲರೂ ಅವನಿಗೆ ಥ್ಯಾಂಕ್ಸ್ ಹೇಳುತ್ತಾರೆ, ಇಲ್ಲಿ ಖಾಲಿ ಬಸ್ಸಿನಲ್ಲಿ ಒಬ್ಬರ ಪಕ್ಕ ಕೂತರೆ ಸಾಕು, ಇವಳಿಗೆ ಏನೋ ಆಗಿದೆ ಅನ್ನುವ ಹಾಗೆ ನೋಡುತ್ತಾರೆ, ದಯವಿಟ್ಟು ಅನ್ನಲಿಕ್ಕೆ ಸರಿಯಾದ ಶಬ್ದವೇ ಇಲ್ಲ, ಡಾಕ್ಟರಿಗೂ ನೀನು, ಮೇಯರಿಗೂ ನೀನು. ಅದೆಲ್ಲ ಅಭ್ಯಾಸವಾಯಿತು, ಒಂದು ಮಾತ್ರ ಇವತ್ತಿಗೂ ಚುಚ್ಚುತ್ತದೆ, ಊರಿನಲ್ಲಿ ಅವಳು ತಮಾಷೆಯವಳು, ಅಡುಗೆಮನೆಯಲ್ಲಿ ಬಾಯಿ ತೆರೆದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಈ ಭಾಷೆಯಲ್ಲಿ ತಮಾಷೆಯೊಂದನ್ನು ಕೂಡಿಸಿ ಹೊರಗೆ ತರುವ ಹೊತ್ತಿಗೆ ಅದು ಹಳಸಿರುತ್ತದೆ, ಹದಿಮೂರು ಹಲಗೆ, ಹಾಗಾಗಿ ಇಲ್ಲಿಯವರಿಗೆ ಅವಳೊಬ್ಬ ಒಳ್ಳೆಯ ಹೆಂಗಸು, ಅಷ್ಟೇ. ಹೋಗಿಬಿಡಬೇಕು, ನಗಿಸಿ ಸಾಯಬೇಕು. ಆದರೆ ಹೋದ ಕ್ರಿಸ್‌ಮಸ್‌ಗೆ ಅಕ್ಕನ ಮನೆಯಲ್ಲಿ ಕೈ ಸುಟ್ಟುಕೊಂಡದ್ದು ಯಾರು — ತಣ್ಣೀರಿಗೊಂದು ನಲ್ಲಿ ಬಿಸಿನೀರಿಗೊಂದು ನಲ್ಲಿ, ಹುಟ್ಟಿದಾಗಿನಿಂದ ಕಂಡದ್ದೇ ಮರೆತುಹೋಗಿತ್ತು, ಬಾಗಿಲಲ್ಲಿ ಬೂಟು ಬಿಚ್ಚಲು ಬಗ್ಗಿದರೆ ಅಕ್ಕ ಬೈದಳು, ಏನೇ ಇದು, ಮಸೀದಿಗೆ ಬಂದ ಹಾಗೆ — ಅಕ್ಕನ ಗೆಳತಿ ಮುರಿಯಲ್, ಪಾಪ, ಕೈ ಹಿಡಿದು, ನಿಂಗೆ ಏನು ಬೇಕಾದ್ರೂ ಸಂಕೋಚ ಇಲ್ದೆ ಕೇಳಮ್ಮ ಅಂದಳು, ಹೇಜಲ್ ಕೇಳಿಯೇಬಿಟ್ಟಳು, ಹಾಗಾದ್ರೆ ನಾಳೆ ಬೆಳಿಗ್ಗೆ ಸ್ಟೇಷನ್ ತನಕ ಕಾರಲ್ಲಿ ಬಿಡ್ತೀರಾ, ಮುರಿಯಲ್‌ಳ ಮುಖ ಕೆಂಪಾಯಿತು, ಇಡೀ ಕೋಣೆ ಬಿಸ್ಕತ್ತಿನ ತಟ್ಟೆ ನೋಡತೊಡಗಿತು, ಆಮೇಲೆ ಅಕ್ಕ ಅಡುಗೆಮನೆಯಲ್ಲಿ, ಅಲ್ವೇ, ಹಾಗೆಲ್ಲ ನಿಜವಾಗ್ಲೂ ಕೇಳೋದಾ. ಹೇಜಲ್ ಮೊದಲು ಹೀಗಿರಲಿಲ್ಲ, ಇಲ್ಲಿಗೆ ಬಂದ ಮೊದಲ ವರ್ಷ ಮೆಟ್ಟಿಲಲ್ಲಿ ಸಿಕ್ಕ ಅರ್ವಿದನ ಹೆಂಡತಿ ತೋರಾಗೆ, ಆಗಿನ್ನೂ ಬದುಕಿದ್ದಳು, ಇವಳೇ ಯಾವಾಗಲಾದರೂ ಚಹಾಕ್ಕೆ ಬನ್ನಿ ಅಂದಿದ್ದಳು, ಬಾಯಿ ಉಪಚಾರಕ್ಕೆ ಎಲ್ಲರೂ ಅನ್ನುವುದೇ, ಮರುದಿನ ನಾಲ್ಕಕ್ಕೆ ಸರಿಯಾಗಿ ಬೆಲ್ಲು, ಬಾಗಿಲಲ್ಲಿ ತೋರಾ, ಅರ್ವಿದ್, ಕೈಯಲ್ಲಿ ಸೇಬಿನ ಕೇಕು, ಚೀಲದಲ್ಲಿ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ, ಇವಳೂ ಕ್ಲೈವನೂ ರಾತ್ರಿ ಉಡುಪಿನಲ್ಲಿ ಟಿ.ವಿ. ಮುಂದೆ ಬ್ರೆಡ್ಡು ತಿನ್ನುತ್ತ ಕೂತಿದ್ದರು, ನೀನೇ ಕರೆದೆಯಲ್ಲ ಅಂದಳು ತೋರಾ, ಅವಳ ಮುಖದಲ್ಲಿ ಕುಹಕವೇ ಇರಲಿಲ್ಲ. ಕ್ಲೈವ್ ಹೋದಾಗ ಊರಿನಿಂದ ಇಪ್ಪತ್ತು ಕಾರ್ಡು ಬಂದವು, ಏನಾದರೂ ಬೇಕಿದ್ದರೆ ತಿಳಿಸು ಎಂದು ಇಪ್ಪತ್ತರಲ್ಲೂ ಇತ್ತು, ಅರ್ವಿದ್ ಒಂದು ಮಾತೂ ಆಡಲಿಲ್ಲ, ಆ ಚಳಿಗಾಲವೆಲ್ಲ ಅವಳು ಏಳುವ ಮೊದಲೇ ಹೆಪ್ಪುಗಟ್ಟಿದ ಮೆಟ್ಟಿಲ ಮೇಲೆ ಮರಳು ಚೆಲ್ಲಿರುತ್ತಿತ್ತು. ಕಾಲು ಜಾರದಿರಲಿ ಎಂದು ಯಾರಾದರೂ ಯೋಚಿಸುವುದು, ಅದೇನು ಸಣ್ಣ ಮಾತೇ. ಒಂಬತ್ತು ಹಲಗೆ.

ಡಬ್ಬಿಯಲ್ಲಿ ಬಣ್ಣ ತೀರಿತು, ಹೊಸದು ತರಲು ಸಾಮಾನಿನ ಕೋಣೆಗೆ ಹೋದರೆ ಬಾಗಿಲಿಗೆ ಅಂಟಿಸಿದ ಹಾಳೆ, ವಠಾರದ ಸಂಘದ ಅಧ್ಯಕ್ಷೆ ಇಂಗುನ್‌ಳ ದುಂಡು ಅಕ್ಷರ, ಮುಂದಿನ ಎರಡು ವರ್ಷ ಮುಯ್ಯಾಳಿನ ಮುಂದಾಳು — ಹೇಜಲ್, ಮೂರನೆಯ ಮಹಡಿ. ನಾನು ಯಾವಾಗ ಒಪ್ಪಿದೆ, ಒಪ್ಪಿಲ್ಲವಲ್ಲ, ಜನವರಿಯಲ್ಲಿ ಕಸದ ತೊಟ್ಟಿಯ ಹತ್ತಿರ ಇಂಗುನ್ ಕೇಳಿದ್ದಳು, ನೀನು ಮಾಡ್ತೀಯಾ ಎಂದು, ತಾನು ಹೇಳಿದ್ದು, ಅಯ್ಯೋ ನನ್ನನ್ನ ಕೇಳಿದೆಯಲ್ಲ, ಎಷ್ಟು ಸಂತೋಷ ಆಯ್ತು, ನಂಗೆ ತುಂಬ ಇಷ್ಟವೇ, ಆದ್ರೂ ನೋಡೋಣ — ಇದಕ್ಕಿಂತ ಸ್ಪಷ್ಟವಾಗಿ ಬೇಡ ಅನ್ನಲು ಸಾಧ್ಯವೇ, ಹೆರಿಫರ್ಡಿನಲ್ಲಿ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತಿತ್ತು, ಇಂಗುನ್ ಸಂತೋಷ ಅನ್ನುವುದನ್ನು ಕೇಳಿಸಿಕೊಂಡಳು, ಇಷ್ಟ ಅನ್ನುವುದನ್ನು ಕೇಳಿಸಿಕೊಂಡಳು, ಬರೆದುಕೊಂಡಳು, ಅವಳದೇನು ತಪ್ಪು. ತಪ್ಪು ತನ್ನದೇ, ಜೀವಮಾನವಿಡೀ ಸಕ್ಕರೆ ಸುತ್ತಿ ಕೊಟ್ಟು, ಒಳಗೆ ಏನಿದೆ ಎಂದು ತಾನೇ ಬಿಚ್ಚಿ ನೋಡದವಳು. ಇಂಗುನ್ ಕಾಫಿ ಫ್ಲಾಸ್ಕ್ ಹಿಡಿದು ಇತ್ತಲೇ ಬಂದಳು, ಇನ್ನೊಂದು ಕೈಯಲ್ಲಿ ಕಂದು ಚೀಸು ಮಡಿಸಿಟ್ಟ ವಾಫಲ್, ತಿನ್ನು, ಹೇಗಿದೆ ನಿನ್ನ ಹೆಸರು ಅಲ್ಲಿ ಅಂದಳು, ಹೇಜಲ್ ಸುತ್ತಿ ಬಳಸಿ ಶುರುಮಾಡಿದಳು, ಚೆನ್ನಾಗಿದೆ, ಅಕ್ಷರ ಎಷ್ಟು ಮುದ್ದಾಗಿದೆ, ಏನಿಲ್ಲ, ನಂಗೆ ವಯಸ್ಸಾಯ್ತು ನೋಡು, ನಮ್ಮಕ್ಕ ಬೇರೆ ಒಂದು ಮನೆ, ಮುಂದೆ ಹೇಗೋ ಏನೋ ಅಂತ — ಇಂಗುನ್ ಜೇಬಿನಿಂದ ಪೆನ್ನು ತೆಗೆದಳು, ಬೇಡ ಅಂತ ಹೇಳ್ತಿದ್ದೀಯಾ, ಬೇಡ ಅಂದ್ರೆ ಬೇಡ ಅನ್ನು, ಈಗಲೇ ಹೊಡೆದು ಹಾಕ್ತೀನಿ, ನಂಗೇನೂ ಬೇಜಾರಿಲ್ಲ. ಪೆನ್ನಿನ ತುದಿ ಹೆಸರಿನ ಮೇಲೆ ನಿಂತಿತು, ಇಂಗುನ್ ಕಾದಳು, ಅವಸರವಿಲ್ಲದೆ, ಇವರ ಹಾಗೆ ಕಾಯುವವರು ಯಾರೂ ಇಲ್ಲ. ಬೇಡ — ಎರಡೇ ಅಕ್ಷರ, ನಾಲಗೆಯ ತುದಿಗೆ ತಂದುಕೊಂಡಳು, ಬರಲಿಲ್ಲ, ಮತ್ತೆ ತಂದುಕೊಂಡಳು, ಇದು ಆ ಹಳೆಯ ಸಂಕೋಚವೇ ಎಂದು ಒಳಗೆ ಕೈಹಾಕಿ ತಡವಿ ನೋಡಿದರೆ ಅಲ್ಲ, ಸಂಕೋಚದ ರುಚಿ ಅವಳಿಗೆ ಗೊತ್ತಿಲ್ಲವೇ, ಇದು ಬೇರೆ, ಮುಂದಿನ ಏಪ್ರಿಲ್‌ಗೆ ಆ ಹಿಂದಿನ ಗೇಟಿಗೆ ಹಸಿರು ಹಚ್ಚಿಸಬೇಕು, ಸೇಬಿನ ಗಿಡ ಆ ಮೂಲೆಯಲ್ಲಿ ಎರಡು ನೆಡಬಹುದು ಎಂದು ತಲೆ ಆಗಲೇ ಲೆಕ್ಕ ಹಾಕಿಬಿಟ್ಟಿತ್ತು, ಅವಳನ್ನು ಕೇಳದೆಯೇ. ಹೊಡೀಬೇಡ, ಅಂದಳು. ಅಂದ್ರೆ ಮಾಡ್ತೀಯ. ಮಾಡ್ತೀನಿ. ಇಂಗುನ್ ಪೆನ್ನು ಜೇಬಿಗೆ ಹಾಕಿಕೊಂಡು ವಾಫಲ್ ಹಂಚಲು ಹೋದಳು, ಅಷ್ಟೇ, ಅಪ್ಪಿಕೊಳ್ಳಲಿಲ್ಲ, ಒಂದು ಶಹಬಾಸ್ ಕೂಡ ಇಲ್ಲ, ಹೇಜಲ್ ಬಣ್ಣದ ಹೊಸ ಡಬ್ಬಿ ಎತ್ತಿಕೊಂಡಳು, ಖುಷಿಯಾಗಿತ್ತು ಅವಳಿಗೆ, ಬಹಳ ದಿನದ ಮೇಲೆ.

ಹಲಗೆ ಆರು, ಐದು, ಬಣ್ಣ ಈಗ ದಪ್ಪವಾಗಿಯೇ ಬೀಳುತ್ತಿದೆ, ಅರ್ವಿದ್ ಓರೆಗಣ್ಣಿನಿಂದ ನೋಡಿ, ನಿನ್ನನ್ನ ಮುಂದಾಳು ಮಾಡಿದಾರಂತೆ ಅಂದ, ಹೌದು, ಇನ್ಮೇಲೆ ನೀನು ನನ್ನ ಮಾತು ಕೇಳ್ಬೇಕು, ಬೆಳಿಗ್ಗೆಯಿಂದ ಬಾಯಿ ಮುಚ್ಚದೆ ಹರಟೆ ಹೊಡೀತಿದ್ದೀಯ, ಕೆಲಸ ನೋಡು — ಅವಳ ಬಾಯಿಂದ ಜಾರಿಹೋಯಿತು, ಕೂಡಿಸಲಿಲ್ಲ, ತೂಗಲಿಲ್ಲ, ಅರ್ವಿದ್ ಕುಂಚವನ್ನು ಡಬ್ಬಿಯಲ್ಲಿ ಅದ್ದಿದವನು ಹಾಗೇ ನಿಂತ, ಭುಜ ಕುಲುಕತೊಡಗಿತು, ಆಮೇಲೆ ಸದ್ದು, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ನಕ್ಕ, ಕಣ್ಣು ಒರೆಸಿಕೊಂಡು ಗಲ್ಲಕ್ಕೆಲ್ಲ ಕೆಂಪು ಮಾಡಿಕೊಂಡ, ಹಲಗೆ ಮೂರು, ಆಗಲೇ ಜೇಬಿನಲ್ಲಿ ಫೋನ್ ಗುರುಗುಟ್ಟಿತು, ಹನ್ನೆರಡೇ, ಕೈಯೆಲ್ಲ ಬಣ್ಣ, ಎರಡು ಬೆರಳಿನಲ್ಲಿ ಹಿಡಿದಳು. ಹೇಜ್, ಹವೆ ಹೇಗಿದೆ ಅಲ್ಲಿ, ಇಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ, ಸರಿ, ಆರ್ಮರಾಡಮ್ಮನ ಮಗ ಬಾಗಿಲಲ್ಲೇ ನಿಂತಿದಾನೆ ಕಣೇ, ಏನು ಹೇಳ್ಲಿ. ಎಷ್ಟು ಒಳ್ಳೆ ಯೋಚನೆ ಅಕ್ಕ ಎಂದು ನಾಲಗೆ ತಾನಾಗಿಯೇ ಹೊರಟಿತು, ಕಚ್ಚಿ ಹಿಡಿದಳು, ಅಕ್ಕ, ನಾನು ಬರಲ್ಲ. ಐಲೀನ್ ಕೇಳಿದಳು, ಸದ್ಯಕ್ಕೆ ಬರಲ್ಲ ಅಂತಾನಾ. ಇಲ್ಲಕ್ಕ, ಬರಲ್ಲ, ಇಲ್ಲೇ ಇರ್ತೀನಿ. ಅಕ್ಕನಿಗೆ ಎಪ್ಪತ್ತಾರು, ಗೋಡೆಯ ಆಚೆಯಿಂದ ತಂಗಿಯ ಕೆಮ್ಮು ಕೇಳಿಸುತ್ತದೆ ಎಂದುಕೊಂಡು ನಾಲ್ಕು ತಿಂಗಳು ಕಾದವಳು, ಆದರೂ ಹೇಜಲ್ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೇಜಾರಾಯ್ತು ಕಣೇ ನಂಗೆ, ಅಂದಳು ಐಲೀನ್ ಕೊನೆಗೆ, ಪರವಾಗಿಲ್ಲ ಬಿಡು ಅನ್ನಲಿಲ್ಲ, ಬೇಜಾರಾಯ್ತು ಅಂದಳು, ಅಕ್ಕ ಹಾಗೆ ಅಂದದ್ದು ಇದೇ ಮೊದಲು. ಗೊತ್ತು ಅಕ್ಕ, ನಂಗೂ ಬೇಜಾರೇ, ನೀನು ಇಲ್ಲಿಗೆ ಬಾ, ಜೂನ್‌ನಲ್ಲಿ. ಹೂಂ, ನೋಡೋಣ, ಯಾವಾಗಾದ್ರೂ. ಯಾವಾಗಾದ್ರೂ ಅಲ್ಲ, ತಾರೀಖು ಹೇಳು ಅಂದಳು ಹೇಜಲ್, ಬರ್ಕೋತೀನಿ. ಆ ಕಡೆ ಕುರ್ಚಿ ಎಳೆದ ಸದ್ದು, ಕನ್ನಡಕದ ಡಬ್ಬಿ ಮುಚ್ಚಿದ ಸದ್ದು, ಅಕ್ಕ ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ತಿರುವುತ್ತಿದ್ದಾಳೆ, ಏಪ್ರಿಲ್, ಮೇ, ಬಾಗಿಲಲ್ಲಿ ನಿಂತವನಿಗೆ ಒಂದ್ನಿಮಿಷ ಇರಪ್ಪ ಅನ್ನುತ್ತಿದ್ದಾಳೆ, ಈ ಕಡೆ ಅರ್ವಿದ್ ಅವನ ಪಾಲಿನದನ್ನು ಮುಗಿಸಿ ಕುಂಚ ಕೆಳಗಿಟ್ಟು ಕೈಕಟ್ಟಿ ನಿಂತಿದ್ದಾನೆ, ಮುಂದಕ್ಕೆ ಬಳಿಯುತ್ತಿಲ್ಲ, ಅವಳಿಗೆಂದು ಬಿಟ್ಟಿದ್ದಾನೆ, ಎರಡೂ ಕಡೆಯಿಂದ ಬಂದ ಕೆಂಪಿನ ನಡುವೆ ಬಣ್ಣ ಕಾಣದ ಹಲಗೆ, ಹನ್ನೆರಡನೇ ತಾರೀಖು ಅಂದಳು ಅಕ್ಕ, ಹನ್ನೆರಡು, ಸರಿ, ಹಲಗೆ, ಒಂದೇ ಒಂದು ಹಲಗೆ.