ಹಸಿರು ಚೀಟಿಗೆ ಒಗ್ಗದ ಉಪ್ಪು

ಹನ್ನೊಂದು ವರ್ಷದಿಂದ ನಾನು ಆಹಾರದ ಪೊಟ್ಟಣಗಳಿಗೆ ಹಸಿರು ಚೀಟಿ ಕೊಡುವ ಕಚೇರಿಯಲ್ಲಿ ಪರೀಕ್ಷಕ. ಯಾವುದಕ್ಕೆ ಸಿಗುತ್ತದೆ, ಯಾವುದಕ್ಕಿಲ್ಲ ಎಂದು ಹೇಳಿ ಹೇಳಿ ನಾಲಿಗೆ ಸವೆದಿದೆ. ವಿಷ ಹೊಡೆಯದೆ ಬೆಳೆದದ್ದಾದರೆ ಸಿಗುತ್ತದೆ. ಆಲೂಗಡ್ಡೆ ಚಿಪ್ಸ್‌ಗೆ ಕೊಟ್ಟಿದ್ದೇನೆ, ನಾಯಿ ಬಿಸ್ಕತ್ತಿಗೂ ಕೊಟ್ಟಿದ್ದೇನೆ. ನೀರಿಗಿಲ್ಲ, ಉಪ್ಪಿಗಿಲ್ಲ. ಅವು ಬೆಳೆಯುವುದಿಲ್ಲವಂತೆ. ನಿಯಮ ಬರೆದ ಪುಣ್ಯಾತ್ಮ ಯಾರೋ, ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.

ಸೋಮವಾರ ನನ್ನ ಕಿಟಕಿಯ ಮುಂದೆ ಅತ್ತಿಗೆ ನಿಂತಿದ್ದರು. ಅಣ್ಣ ತೀರಿಕೊಂಡ ಮೇಲೂ ಉಪ್ಪಿನ ಪಾತಿಗಳನ್ನು ಬಿಡದೆ, ಸಮುದ್ರದ ನೀರು ಕಟ್ಟಿ, ಬಿಸಿಲಿಗೆ ಒಣಗಿಸಿ, ಆ ಉಪ್ಪು ಮಾರಿಯೇ ನನ್ನನ್ನು ಓದಿಸಿದವರು. ಅರ್ಜಿಯನ್ನು ತಾವೇ ತುಂಬಿ ತಂದಿದ್ದರು.

"ಬರೋ ತಿಂಗಳಿಂದ ಹಸಿರು ಚೀಟಿ ಇಲ್ಲದ್ದು ಇಡಲ್ಲ ಅಂತಾನೆ ದೊಡ್ಡಂಗಡಿಯವನು. ಅವನು ಬಿಟ್ರೆ ನನಗೆ ಬೇರೆ ಗಿರಾಕಿ ಇಲ್ಲ, ಪಾತಿ ಮುಚ್ಚಬೇಕಾಗುತ್ತೆ. ಮೈದುನನೇ ಕುರ್ಚೀಲಿ ಇದ್ದಾನಲ್ಲ ಅಂತ ಬಂದೆ."

"ಉಪ್ಪಿಗೆ ಕೊಡೋಕಾಗಲ್ಲ ಅತ್ತಿಗೆ."

"ಯಾಕೆ? ನಾನೇನಾದ್ರೂ ಬೆರೆಸ್ತೀನಾ?"

"ಏನೂ ಬೆರೆಸಲ್ಲ. ಅದೇ ತೊಂದರೆ."

ಪಕ್ಕದ ಮೇಜಿನ ಗುಮಾಸ್ತ, ನಾಲಿಗೆಗೆ ಎಲುಬಿಲ್ಲದ ಆಸಾಮಿ, "ಉಪ್ಪು ತಿಂದ ಮನೆಗೆ ಎರಡು ಬಗೀಬೇಡಿ ಸಾರ್," ಎಂದು ಹಲ್ಲು ಕಿರಿದ. ನನಗೆ ಆಗಲೇ ಸಿಟ್ಟು ಬಂದಿತ್ತು. ಯಾರ ಮೇಲೆಂದು ಗೊತ್ತಿರಲಿಲ್ಲ, ಅವನು ಸಿಕ್ಕಿದ. ನಿನ್ನ ಕೆಲಸ ನೀನು ನೋಡಿಕೋ ಎಂದು ಕಡತವನ್ನು ಮೇಜಿಗೆ ಕುಕ್ಕಿದೆ.

ಆಮೇಲೆ ಅತ್ತಿಗೆಯನ್ನು ಒಳಗೆ ಕರೆದು ಕೂರಿಸಿದೆ. "ಒಂದು ದಾರಿ ಇದೆ. ಒಣಸೊಪ್ಪಿನ ಪುಡಿ ಬೆರೆಸಿ. ತೂಗುವಾಗ ಉಪ್ಪನ್ನ ಲೆಕ್ಕಕ್ಕೇ ಹಿಡಿಯಲ್ಲ, ಉಳಿದದ್ದನ್ನ ಮಾತ್ರ ನೋಡ್ತೀವಿ. ಸೊಪ್ಪಿಗೆ ಚೀಟಿ ಇದ್ರೆ ಒಂದು ಚಿಟಿಕೆ ಸಾಕು, ಇಡೀ ಪೊಟ್ಟಣಕ್ಕೆ ಸಿಗುತ್ತೆ."



"ಕಸ ಕಡ್ಡಿ ಆರಿಸಿ ಆರಿಸಿ ನನ್ನ ಕಣ್ಣು ಹೋಯ್ತು," ಎಂದರು ಅತ್ತಿಗೆ. "ಒಂದು ಎಲೆಚೂರು ಕಂಡ್ರೆ ಅದೇ ಅಂಗಡಿಯವನು ಮೂಟೆ ವಾಪಸ್ ಕಳಿಸ್ತಿದ್ದ."

"ಗೊತ್ತು."

"ಈಗ ನಾನೇ ಹಾಕಬೇಕು."

"ಹೌದು."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ನನ್ನ ಪೆನ್ನು ಕೇಳಿ ಪಡೆದು, ಪದಾರ್ಥದ ಹೆಸರಿನ ಜಾಗದಲ್ಲಿದ್ದ 'ಉಪ್ಪು' ಎಂಬುದನ್ನು ಹೊಡೆದುಹಾಕಿ, ಮೇಲೆ 'ಸೊಪ್ಪಿನ ಉಪ್ಪು' ಎಂದು ಬರೆದರು.

"ಸರಿಯಾಗಿದೆಯಾ ನೋಡು."

ಎಲ್ಲ ನಿಯಮದ ಪ್ರಕಾರವೇ ಇತ್ತು. ಅರ್ಜಿ ಸ್ವೀಕರಿಸಿದ ಮೊಹರು ಒತ್ತಿದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಬಾಗಿಲವರೆಗೆ ಹೋಗಿ ಬಿಟ್ಟುಬರುವಾಗ ತಡೆಯಲಾರದೆ ಹೇಳಿದೆ, "ಮನೆಗಾದ್ರೂ ಏನೂ ಬೆರೆಸದ್ದು ಬೇರೆ ಇಟ್ಕೊಳ್ಳಿ ಅತ್ತಿಗೆ."

"ಬೇಡ ಬಿಡೋ," ಎಂದರು ಅತ್ತಿಗೆ. "ಎರಡೆರಡು ಮಾಡೋಕೆ ಮೈಯಲ್ಲಿ ಶಕ್ತಿ ಎಲ್ಲಿದೆ?"