ಗುಂಡಿಯ ಗೋಡೆಯ ಗೆರೆ

ನಾನು ನೀರೆತ್ತುವ ಪಂಪು. ಕೊಯಮತ್ತೂರಿನ ಒಂದು ಕಾರ್ಖಾನೆಯಲ್ಲಿ ಎರಕದ ಕಬ್ಬಿಣದಿಂದ ಹುಟ್ಟಿದೆ. ಹಸಿರು ಬಣ್ಣ ಬಳಿದು, ತೊಟ್ಟಿಯಲ್ಲಿ ಮುಳುಗಿಸಿ ನೋಡಿದರು. ಮುಳುಗಿದರೂ ಉಸಿರುಗಟ್ಟದವಳು ಎಂದು ಖಾತ್ರಿಯಾದ ಮೇಲೆ ರಟ್ಟಿನ ಪೆಟ್ಟಿಗೆಗೆ ಹಾಕಿದರು.

ಮೈಸೂರಿನಲ್ಲಿ, ಕೆರೆಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಬಂದೆ. ಅಲ್ಲಿ ವರ್ಷವಿಡೀ ಗೋಡೆ ಜಿನುಗುತ್ತದೆ. ಆ ನೀರೆಲ್ಲ ಸಣ್ಣ ಕಾಲುವೆಯಲ್ಲಿ ಹರಿದು ಸೇರುವ ಗುಂಡಿಯೇ ನನ್ನ ಮನೆ. ನೀರು ಏರಿದರೆ ಪಕ್ಕದ ಚೆಂಡು ತೇಲಿ ನನ್ನನ್ನು ಓಡಿಸುತ್ತದೆ, ಇಳಿದರೆ ನಿಲ್ಲುತ್ತೇನೆ. ನನ್ನ ಪೈಪು ನೆಲಮಾಳಿಗೆಯ ಉದ್ದಕ್ಕೂ ಹೋಗಿ ರಸ್ತೆಯ ಮೋರಿ ಸೇರುತ್ತದೆ. ಅದರ ಬುಡದಲ್ಲೊಂದು ವಾಲ್ವು. ಹೋದ ನೀರನ್ನು ಹಿಂದಕ್ಕೆ ಬಿಡದ ಬಾಗಿಲು ಅದು.

ನನಗೆ ಮನುಷ್ಯರು ಕಾಣುವುದು ಕೆಳಗಿನಿಂದ. ಗುಂಡಿಯ ಪಕ್ಕದ ಕೋಣೆಯ ಮಾದೇವಮ್ಮ ಎಂದರೆ ಒಡೆದ ಹಿಮ್ಮಡಿ. ಕಾವಲಿಗಿದ್ದ ಗಂಡ ಸತ್ತ ಮೇಲೆ ಅವನ ಕೆಲಸ, ಅವನ ಕೋಣೆ ಎರಡೂ ಅವಳಿಗೆ ಉಳಿದಿದ್ದವು. ನಮ್ಮ ನೆತ್ತಿಯ ಮೇಲಿನ ಮನೆಯ ಗಿರಿಜಾಂಬ ಎಂದರೆ ಇಸ್ತ್ರಿ ಮಾಡಿದ ಸೀರೆಯಂಚು. ಅವರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ.

ಗಿರಿಜಾಂಬ ಕೆಳಗೆ ಇಳಿಯುತ್ತಿದ್ದುದು ಆಯುಧಪೂಜೆಗೆ ಮಾತ್ರ. ಲಿಫ್ಟಿಗೂ ಹೂವು, ಕಾರುಗಳಿಗೂ ಹೂವು, ನನಗೂ ಹೂವು. ಆ ವರ್ಷ ಬಾಳೆನಾರಿನಲ್ಲಿ ತಾವೇ ಸೇವಂತಿಗೆ ಕಟ್ಟಿ, ನಡುವೆ ಜರಿದಾರ ಸುತ್ತಿ, ಹಾರವನ್ನು ನನ್ನ ಪೈಪಿಗೆ ಹಾಕಿದರು. ಪೂಜೆಯ ಹೂವನ್ನು ಕಿತ್ತೆಸೆಯಲು ಮಾದೇವಮ್ಮನಿಗೆ ಮನಸ್ಸಾಗಲಿಲ್ಲ. ಅದು ಅಲ್ಲೇ ಒಣಗಿ ಒಂದು ದಿನ ಕಾಣದಾಯಿತು.

ದೀಪಾವಳಿ ಕಳೆಯುವಷ್ಟರಲ್ಲಿ ಸದ್ದು ಶುರುವಾಯಿತು. ನಾನು ನಿಂತ ಕೂಡಲೇ ಪೈಪು ಗೋಡೆಗೆ ಧಡ್ಡೆಂದು ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಗುಂಡಿ ಮತ್ತೆ ತುಂಬಿ ಮತ್ತೆ ಓಟ, ಮತ್ತೆ ಧಡ್. ನಾನು ವಾಲ್ವನ್ನು ಅನುಮಾನಿಸಿದೆ. ವಾಲ್ವು ಪೈಪನ್ನು ಗೋಡೆಗೆ ಹಿಡಿದಿದ್ದ ಸಡಿಲ ಕ್ಲಾಂಪನ್ನು ಅನುಮಾನಿಸಿತು. ಗಿರಿಜಾಂಬ ಮಾದೇವಮ್ಮನನ್ನು ಅನುಮಾನಿಸಿದರು. ಒಬ್ಬರೇ ಇರುವ, ಮಾತಿಲ್ಲದ ಮನೆಯಲ್ಲಿ ಕಿವಿ ಬಹಳ ಚುರುಕಾಗುತ್ತದೆ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲಿನಿಂದಲೇ ಕೂಗಿದರು.

“ಏನೇ ಮಾದೇವಿ, ಊರವರ ಸೀರೆಯೆಲ್ಲ ಒಗೆದು ಗುಂಡಿಗೆ ಸುರೀತಿದೀಯಾ? ಪಂಪು ಘಳಿಗೆಗೊಂದ್ಸಲ ಓಡತ್ತಲ್ಲ?”

“ಒಂದ್ ತೊಟ್ಟೂ ಸುರ್ದಿಲ್ಲ ಕಣ್ರವ್ವ. ನಮ್ಮಪ್ಪನಾಣೆ.”

“ನಿನ್ನ ಆಣೆಗೆ ನೀರು ಹುಟ್ಕೊಂಡು ಬರತ್ತಾ? ತಂತಿ ಮೇಲೆ ಮೂರು ಸೀರೆ ನಾನೇ ನೋಡಿದೀನಿ. ತಿಂಗಳ ಕೊನೆಗೆ ರೂಮು ಖಾಲಿ ಮಾಡು.”

ಆ ಸೀರೆಗಳು ಅವಳವೇ. ಅವಳು ಹೇಳಲಿಲ್ಲ. ತನಗೂ ಮೂರು ಸೀರೆ ಇರಬಹುದೆಂದು ಹೊಳೆಯದವರಿಗೆ ಏನೆಂದು ಹೇಳುವುದು?

ಆಮೇಲೆ ಅವಳ ಅನುಮಾನ ನನ್ನ ಮೇಲೆ ತಿರುಗಿತು. ಎರಡು ದಿನ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನನ್ನನ್ನೇ ದಿಟ್ಟಿಸಿದಳು. ಮೂರನೆಯ ದಿನ, ನಾನು ನಿಂತ ಮೇಲೆ ನೀರು ಮರಳಿ ಏರುವ ಮಟ್ಟಕ್ಕೆ, ಮೊಳೆಯಿಂದ ಗುಂಡಿಯ ಗೋಡೆಯ ಮೇಲೆ ಅಡ್ಡಗೆರೆ ಗೀಚಿ, ಮಧ್ಯಾಹ್ನ ಗಿರಿಜಾಂಬರನ್ನು ಕರೆತಂದಳು.

“ಬೀಗದ ಕೈ ತಂದಿವ್ನಿ, ತಕಳಿ. ಅದ್ಕೂ ಮುಂಚೆ ಒಂದ್ ಗಳಿಗೆ ಕೂತ್ಕಳಿ. ನನ್ ಕೈ ನಿಮ್ ಕಣ್ಮುಂದೇನೇ ಇರ್ತದೆ.”

ನಾನು ಓಡುತ್ತಿದ್ದೆ. ಅವಳು ಕಾಲುವೆಯ ಬಾಯಿಗೆ ಹಳೆಬಟ್ಟೆ ತುರುಕಿದಳು. ಇನ್ನು ಎಲ್ಲಿಂದಲೂ ನೀರು ಬರುವಂತಿಲ್ಲ. ನಾನು ನಿಂತೆ. ಧಡ್! ಗಿರಿಜಾಂಬ ಬೆಚ್ಚಿದರು. ಪೈಪಿನೊಳಗೆ ಗುಳುಗುಳು ಸದ್ದು. ನೀರು ಮೆಲ್ಲಗೆ ಮೇಲೇರಿ ಗೆರೆಯನ್ನು ಮುಟ್ಟಿತು.

“ಈಗ ಯಾರ್ ಸುರುದ್ರು ಹೇಳ್ರವ್ವ.”

ಗಿರಿಜಾಂಬ ಪ್ಲಂಬರ್ ಇನಾಯತ್‌ಗೆ ಫೋನ್ ಮಾಡಿದರು.

ಅವನು ವಾಲ್ವ್ ಬಿಚ್ಚಿ ಬೆರಳು ಹಾಕಿದ. “ಪಂಪು ಚೆನ್ನಾಗಿದೆ ಅಮ್ಮಾ. ಇಲ್ಲಿ ಇದು ಸಿಕ್ಕೊಂಡಿದೆ. ವಾಲ್ವ್ ಪೂರ್ತಿ ಮುಚ್ಚಲ್ಲ, ಕಳಿಸಿದ ನೀರು ವಾಪಸ್ ಬರತ್ತೆ, ಬರೋವಾಗ ಬಡಿಯತ್ತೆ.”

ಅವನ ಬೆರಳಿಗೆ ಸುತ್ತಿಕೊಂಡಿದ್ದುದು ಬಾಳೆನಾರು. ಅದರ ತುದಿಯಲ್ಲಿ ಒಂದೆಳೆ ಜರಿ ಇನ್ನೂ ಹೊಳೆಯುತ್ತಿತ್ತು. ಗುಂಡಿಗೆ ಉದುರಿದ್ದನ್ನು ನಾನೇ ನುಂಗಿ ಮೇಲಕ್ಕೆ ದೂಡಿದ್ದೆ.

ಮೂವರೂ ಅದನ್ನೇ ನೋಡಿದರು. ಮಾದೇವಮ್ಮ ಅದನ್ನು ಅವನ ಬೆರಳಿನಿಂದ ಬಿಡಿಸಿ ಮುಷ್ಟಿಯಲ್ಲಿ ಮುಚ್ಚಿಕೊಂಡಳು. “ಎಂಥದೋ ನಾರು, ಬುಡಪ್ಪ.”

“ಆ ಕ್ಲಾಂಪೂ ಬಿಗಿ ಮಾಡಿಬಿಡಪ್ಪ,” ಎಂದರು ಗಿರಿಜಾಂಬ. ಮೆಟ್ಟಿಲು ಹತ್ತುತ್ತಾ, ತಿರುಗಿ ನೋಡದೆ, “ಬೀಗದ ಕೈ ನೀನೇ ಇಟ್ಕೋ ಮಾದೇವಿ,” ಎಂದರು. ಅಷ್ಟೇ.

ಕೆಲವು ವರ್ಷಗಳ ಮೇಲೆ ನನ್ನೊಳಗಿನ ತಂತಿ ಸುಟ್ಟಿತು. ಈಗ ಮೆಟ್ಟಿಲಿನಡಿ, ಮುರಿದ ಸೈಕಲ್ಲಿನ ಪಕ್ಕದಲ್ಲಿದ್ದೇನೆ. ಗುಂಡಿಯಲ್ಲಿ ಹೊಸ ಪಂಪು. ಆಯುಧಪೂಜೆಗೆ ಗಿರಿಜಾಂಬ ಹಾರವನ್ನು ಸ್ವಿಚ್ಚಿನ ಡಬ್ಬಿಗೆ ಕಟ್ಟಿ, ಸಂಜೆಗೆ ತಾವೇ ಬಂದು ಬಿಚ್ಚುತ್ತಾರೆ. ಒಂದು ಹೂವು ನನಗೂ ಸಿಗುತ್ತದೆ.

ನುಂಗಿದವಳು ನಾನೇ ಎಂದು ತಿಳಿದ ಮೇಲೆ ನನಗೆ ಯಾರ ಮೇಲೂ ಅನುಮಾನವಿಲ್ಲ. ಆದರೆ ಮಾದೇವಮ್ಮನ ಸೊಂಟದ ಬೀಗದ ಕೈಗೆ ಆ ನಾರು ಕಟ್ಟಿದೆ. ನಡೆದಾಗ ಜರಿ ಮಿನುಗುತ್ತದೆ. ಪ್ರತಿ ಸೋಮವಾರ ಅವಳು ಗುಂಡಿಯ ಬಳಿ ಕೂತು, ಪಂಪು ನಿಂತ ಮೇಲೆ ನೀರು ಮತ್ತೆ ಗೆರೆ ಮುಟ್ಟೀತೇ ಎಂದು ನೋಡುತ್ತಾಳೆ.

“ಸದ್ದೇ ಇಲ್ವಲ್ಲೇ, ಇನ್ನೂ ಯಾಕೆ ಆ ಗೆರೆ?” ಎಂದು ಗಿರಿಜಾಂಬ ಒಮ್ಮೆ ಕೇಳಿದ್ದರು.

“ಇರ್ಲಿ ಬುಡ್ರವ್ವ,” ಎಂದು ನಕ್ಕು, ಅವಳು ಮೊಳೆಯಿಂದ ಪಾಚಿ ಕೆರೆದು ಗೆರೆಯನ್ನು ಇನ್ನಷ್ಟು ಆಳ ಮಾಡಿದಳು.