ಹದಿನೇಳನೇ ನಂಬರಿನ ಎಡಭುಜ

ಹದಿನೇಳನೇ ನಂಬರಿನವಳ ಎಡಭುಜ ಯಾಕೆ ಇಳಿಯುತ್ತಿದೆ ಎಂಬ ಪ್ರಶ್ನೆ ಎರಡು ವರ್ಷದಿಂದ ನನ್ನ ತಲೆ ಕೊರೆಯುತ್ತಿತ್ತು. ಆಕೆಯ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಆಳೆತ್ತರದ ಕನ್ನಡಿ, ಕಾರ್ಪೆಟ್ಟು, ಗಿರಾಕಿಗಳು. ಹಿಂದಿನದರಲ್ಲಿ ನಾವು. ಕಾಯಂ ಗಿರಾಕಿ ಒಬ್ಬೊಬ್ಬರಿಗೂ ಅಲ್ಲಿ ನಂಬರು ಹಾಕಿದ ಒಂದೊಂದು ಗೊಂಬೆಯಿದೆ. ತಲೆಯಿಲ್ಲ, ಕೈಯಿಲ್ಲ, ಮರದ ಕಾಲಿನ ಮೇಲೆ ಬರೀ ಮೈ. ಅಳತೆ ಚೀಟಿ ಬಂದಾಗಲೆಲ್ಲ ಹತ್ತಿ ತುಂಬಿಯೋ ಕಿತ್ತೋ, ಮೇಲೆ ಬಟ್ಟೆ ಬಿಗಿದು, ಗೊಂಬೆಯನ್ನು ಆ ಹೆಂಗಸಿನ ಮೈಯಂತೆಯೇ ಮಾಡುವುದು ನನ್ನ ಕೆಲಸ. ಯಾರು ಬಸುರಾದರು, ಯಾರು ಸೊರಗಿದರು, ಎಲ್ಲವೂ ಹನ್ನೊಂದು ವರ್ಷದಿಂದ ನನ್ನ ಬೆರಳಿಗೆ ಗೊತ್ತು. ಯಾಕೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಚೀಟಿಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

"ಫೋನನ್ನ ಕಿವಿಗೂ ಭುಜಕ್ಕೂ ಸಿಕ್ಕಿಸ್ಕೊಂಡು ದಿನವಿಡೀ ಹರಟೆ ಹೊಡೀತಾಳೆ, ಅದಕ್ಕೇ" ಎನ್ನುತ್ತಿದ್ದಳು ಇಸ್ತ್ರಿಯಕ್ಕ. ಹಿಂದಿನ ಕೋಣೆಯಲ್ಲಿ ನನ್ನ ಜೊತೆಗಿರುವವಳು ಅವಳೊಬ್ಬಳೇ. ಭಾರದ ಚೀಲ ಇರಬೇಕೆಂದು ನನ್ನ ಊಹೆ.

ಮುಂದಿನ ಕೋಣೆಯಲ್ಲಿ ಗಿರಾಕಿಗೆ ಬಟ್ಟೆ ತೊಡಿಸಿ, ಪಿನ್ನು ಚುಚ್ಚಿ, ಮಾತಾಡುತ್ತ ಅಳತೆ ಸರಿಮಾಡುವ ಮುದುಕಿಯನ್ನು ನಾವು ಟ್ರಯಲಮ್ಮ ಅನ್ನುತ್ತಿದ್ದೆವು. ಅವಳಿಗೆ ಕಣ್ಣು ಮಂಜಾಗಿ, ಮೂರು ತಿಂಗಳಲ್ಲಿ ಕೆಲಸ ಬಿಡುತ್ತೇನೆಂದಳು. ಒಡತಿ ನನ್ನನ್ನು ಕರೆದರು.

"ನಿನ್ನ ಕೈ ಚೆನ್ನಾಗಿದೆ. ಆದ್ರೆ ಅಲ್ಲಿಗೆ ಬರೋರು ನಾನಾ ಕಡೆಯವರು, ಎಲ್ಲರಿಗೂ ಇಂಗ್ಲಿಷೇ ಆಗ್ಬೇಕು. ಅಷ್ಟರಲ್ಲಿ ಇಂಗ್ಲಿಷ್ ಬಾಯಿಗೆ ಬಂದ್ರೆ ಜಾಗ ನಿಂದು. ಇಲ್ಲಾಂದ್ರೆ ಹೊರಗಿನವರನ್ನ ತರ್ತೀನಿ."

ಸಂಬಳದ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಕ್ಷಣ ನೆನಪಾದದ್ದು ಹದಿನೇಳರ ಭುಜ.

ನನ್ನ ನಾದಿನಿ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. "ಪುಸ್ತಕ ಬೇಡ ಅತ್ತಿಗೆ. ಕೈ ಏನು ಮಾಡುತ್ತೋ ಬಾಯಿ ಅದನ್ನೇ ಹೇಳ್ತಾ ಇರ್ಲಿ. ತಪ್ಪೋ ಒಪ್ಪೋ, ನಿಲ್ಲಿಸಬೇಡಿ. ಭಾನುವಾರ ನಾನು ತಿದ್ತೀನಿ" ಎಂದಳು.

ಅಂದಿನಿಂದ ಶುರುವಾಯಿತು ನನ್ನ ಗೊಣಗಾಟ. ಐ ಆಮ್ ಓಪನಿಂಗ್ ದ ಟ್ಯಾಪ್. ಐ ಆಮ್ ಲಿಫ್ಟಿಂಗ್ ದ ಬಕೆಟ್. ಒಂದು ಬೆಳಿಗ್ಗೆ ಗಂಡ ಸ್ನಾನದಿಂದ ಬಂದವರು ಬಾಗಿಲಲ್ಲೇ ನಿಂತರು. "ನಂಗೆ ಬೈತಾ ಇದ್ದೀಯಾ?"

"ಇಲ್ಲ ರೀ, ಹಾಸಿಗೆ ಮಡಚ್ತಾ ಇದ್ದೀನಿ."

"ದನಿ ಬೈಗುಳದ ಹಾಗೇ ಇತ್ತು" ಎನ್ನುತ್ತ ತಲೆ ಒರೆಸಿಕೊಂಡರು.

ಅಂಗಡಿಯಲ್ಲಿ ಹದಿನೇಳನೇ ಗೊಂಬೆಯೇ ನನ್ನ ಜೊತೆಗಾತಿ. ಹತ್ತಿ ಹಾಕುತ್ತೇನೆ, ಸೊಂಟ ದಪ್ಪವಾಗಿದೆ, ಎಡಭುಜ ಕೆಳಗಿದೆ ಎಂದು ಇಂಗ್ಲಿಷಿನಲ್ಲಿ ಒದರುತ್ತಿದ್ದೆ. ಇಸ್ತ್ರಿಯಕ್ಕ ಪೆಟ್ಟಿಗೆಯಿಂದ ಹಬೆ ಬಿಡುತ್ತ, "ನಿನ್ನ ಗೆಳತಿ ಪಾಪ, ಕಿವಿ ಇಲ್ದೆ ಬಚಾವಾದ್ಳು" ಎಂದು ನಗುತ್ತಿದ್ದಳು. ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಗಮನಿಸಿದೆ. ಪದ ಹುಡುಕಬೇಕಾಗಿಯೇ ಬರುತ್ತಿರಲಿಲ್ಲ. ಕೈ ಆಡಿದರೆ ಸಾಕು, ದಾರದುಂಡೆ ಉರುಳಿದ ಹಾಗೆ ಮಾತು ಹಿಂದೆಯೇ ಬರುತ್ತಿತ್ತು. ನಲವತ್ತಾರು ವರ್ಷ ಇದೆಲ್ಲ ನನ್ನೊಳಗೆ ಎಲ್ಲಿ ಕೂತಿತ್ತೋ ಎಂದು ನನಗೇ ಸೋಜಿಗ.

ಪರೀಕ್ಷೆಯ ದಿನ ಒಡತಿ ಆರಿಸಿದ್ದು ಹದಿನೇಳನ್ನೇ. ಬೂದು ಬಣ್ಣದ ಕೋಟಿನ ಟ್ರಯಲ್. ಒಡತಿ ಬಾಗಿಲಿಗೊರಗಿ ಕೈಕಟ್ಟಿ ನಿಂತರು.

ಆಕೆ ಬಂದಳು. ಆ ಬೆನ್ನು, ಆ ಸೊಂಟ ನನ್ನವೇ ಎನ್ನುವಷ್ಟು ಪರಿಚಿತ. ಮುಖ ಮಾತ್ರ ಯಾರದೋ. ಗಿಡ್ಡಗೆ ಕತ್ತರಿಸಿದ ನರೆಗೂದಲು, ದಪ್ಪ ಕನ್ನಡಕ, ದೊಡ್ಡ ಕಿವಿಗಳು. ಕಿವಿ ಇಷ್ಟು ದೊಡ್ಡದಿರಬಹುದೆಂದು ನಾನು ಊಹಿಸಿರಲೇ ಇಲ್ಲ.

ಕೋಟು ತೊಡಿಸಿ ಪಿನ್ನು ಹಿಡಿದೆ. ಕೈ ಆಡಿತು, ಬಾಯಿ ತಾನಾಗಿ ಹೊರಟಿತು. "ನಿಮ್ಮ ಎಡಭುಜ ಕೆಳಗಿದೆ. ಹೋದ ವರ್ಷಕ್ಕಿಂತ ಅರ್ಧ ಇಂಚು ಕೆಳಗೆ. ನಿಮ್ಮ ಸೊಂಟ ದಪ್ಪವಾಗಿದೆ. ಬಲಗಡೆ ಇನ್ನೂ ಜಾಸ್ತಿ." ಒಂದೇ ಉಸಿರಿಗೆ, ಇಂಗ್ಲಿಷಿನಲ್ಲಿ, ಎಲ್ಲೂ ತಡವರಿಸದೆ. ನಾದಿನಿ ಕೇಳಿದ್ದರೆ ಕುಣಿಯುತ್ತಿದ್ದಳು.

ಒಡತಿ ಕೆಮ್ಮಿದರು. ಕನ್ನಡಿಯಲ್ಲಿ ಅವರ ಮುಖ ಸುಣ್ಣದಂತಾಗಿತ್ತು.

ಆಗ ಹೊಳೆಯಿತು. ಟ್ರಯಲಮ್ಮ ಇಲ್ಲಿ ಯಾರ ಮೈಯ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ತಪ್ಪೆಲ್ಲ ಬಟ್ಟೆಯದೇ. ಬಟ್ಟೆ ಎಳೆಯುತ್ತಿದೆ, ಬಟ್ಟೆ ಕುಗ್ಗಿದೆ. ಹಿಂದಿನ ಕೋಣೆಯಲ್ಲಿ ನಾವು ಬಟ್ಟೆಯನ್ನು ಅನ್ನುವುದೇ ಇಲ್ಲ, ಮೈಯನ್ನೇ ಅನ್ನುತ್ತೇವೆ. ನನ್ನ ಇಂಗ್ಲಿಷ್ ಹುಟ್ಟಿ ಬೆಳೆದದ್ದು ಹಿಂದಿನ ಕೋಣೆಯಲ್ಲಿ.

ಮುಗಿಯಿತು ನನ್ನ ಕತೆ ಎಂದುಕೊಂಡು ಪಿನ್ನಿನ ಡಬ್ಬಿ ಮುಚ್ಚಿದೆ.

ಆಕೆ ಕನ್ನಡಿಗೆ ಹತ್ತಿರವಾದಳು. ತನ್ನ ಭುಜವನ್ನೇ ಮೊದಲ ಸಲ ನೋಡುವವಳಂತೆ ನೋಡಿದಳು. "ಅರ್ಧ ಇಂಚು? ನಿನಗೆ ಹೇಗೆ ಗೊತ್ತು?"

"ಹತ್ತಿ ತೆಗೆಯುವವಳು ನಾನು."

"ಯಾವ ಹತ್ತಿ?"

ಗೊಂಬೆಗಳನ್ನು ಗಿರಾಕಿಗಳಿಗೆ ತೋರಿಸುವ ಪದ್ಧತಿಯಿಲ್ಲ. ಆದರೂ ನನ್ನ ಕಾಲು ಹಿಂದಿನ ಕೋಣೆಯತ್ತ ಹೊರಟಿತ್ತು. ಒಡತಿ ನಡುವೆ ಬರುವಷ್ಟರಲ್ಲಿ ಆಕೆ ಪಿನ್ನು ಚುಚ್ಚಿದ ಕೋಟಿನಲ್ಲೇ ನನ್ನ ಹಿಂದೆ ಬಂದುಬಿಟ್ಟಿದ್ದಳು. ಇಸ್ತ್ರಿಯಕ್ಕ ಪೆಟ್ಟಿಗೆ ಎತ್ತಿ ಹಿಡಿದವಳು ಹಾಗೆಯೇ ನಿಂತಳು. ಆಕೆ ಹದಿನೇಳರ ಮುಂದೆ ನಿಂತು, ಅದರ ಎಡಭುಜದ ಮೇಲೆ ಅಂಗೈ ಇಟ್ಟಳು. ಆಮೇಲೆ ಸರಸರನೆ ಏನೋ ಹೇಳಿದಳು. ನನಗೆ ಒಂದಕ್ಷರ ದಕ್ಕಲಿಲ್ಲ.

ಮೂರು ತಿಂಗಳು ನಾನು ಹೇಳಿದ್ದೇ ಹೇಳಿದ್ದು. ಗೊಂಬೆ ಒಂದು ದಿನವೂ ತಿರುಗಿ ಮಾತಾಡಿರಲಿಲ್ಲ.

"ಪ್ಲೀಸ್, ಸ್ಲೋಲಿ" ಎಂದೆ. ಧೈರ್ಯ ಮಾಡಿ ಎರಡು ವರ್ಷದ ಪ್ರಶ್ನೆಯನ್ನೂ ಜೊತೆಗೇ ಕೇಳಿದೆ. "ವೈ?"

ಆಕೆ ಮಗುವಿಗೆ ಹೇಳುವಂತೆ ಬಿಡಿಬಿಡಿಯಾಗಿ ಹೇಳಿದಳು. ಅವಳ ತಾಯಿಗೆ ಕಾಲಿನ ಶಕ್ತಿ ಹೋಗಿ ಎರಡು ವರ್ಷ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಕಿಟಕಿಗೆ, ದಿನಕ್ಕೆ ಹತ್ತಾರು ಸಲ, ತಾಯಿ ನೇತುಬೀಳುವುದು ಇದೇ ಭುಜಕ್ಕೆ.

ಫೋನೂ ಅಲ್ಲ, ಚೀಲವೂ ಅಲ್ಲ. ನಮ್ಮಿಬ್ಬರ ಊಹೆಗೆ ಇಷ್ಟು ದೂರ ಹೋಗಲು ಆಗಿರಲಿಲ್ಲ.

"ಒಳಗೆ ಪ್ಯಾಡ್ ಇಡಲೇ? ಎರಡೂ ಭುಜ ಸಮ ಕಾಣುತ್ತೆ" ಎಂದು ತಡವರಿಸುತ್ತ ಕೇಳಿದೆ. ಈ ಸಲ ಪದ ಹುಡುಕಬೇಕಾಯಿತು.

ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. "ತೆಳ್ಳಗಿಡು. ಅಮ್ಮ ಹಿಡ್ಕೊಂಡ್ರೆ ಜಾರಬಾರದು." ಆಮೇಲೆ ಗಡಿಯಾರ ನೋಡಿ, ತಾಯಿ ಕಾಯುತ್ತಿರುತ್ತಾಳೆಂದು ಕೋಟು ಬಿಚ್ಚಿಕೊಟ್ಟು ಹೊರಟಳು.

ಒಡತಿ ನನ್ನನ್ನೂ ಗೊಂಬೆಯನ್ನೂ ಒಮ್ಮೆ ದಿಟ್ಟಿಸಿದರು. "ಬುಧವಾರ ನಾಲ್ಕನೇ ನಂಬರ್ ಬರ್ತಾರೆ. ಟ್ರಯಲಮ್ಮನ ಪಕ್ಕ ನಿಂತ್ಕೊಂಡು ಕೇಳಿಸ್ಕೋ. ಮುಂದಿನ ವಾರ ನೀನು. ಮೈಯಿ ಗಿಯ್ಯಿ ಅಂತ ಬಾಯಿ ಬಿಟ್ಟೆಯೋ, ನಿನ್ನನ್ನೇ ಗೊಂಬೆ ಮಾಡಿ ನಿಲ್ಲಿಸ್ತೀನಿ." ಹೋಗುವಾಗ ತುಟಿಯಂಚಿನಲ್ಲಿ ನಗು ಇತ್ತೋ ಏನೋ, ನನಗೆ ಕಂಡದ್ದು ಬೆನ್ನು.

"ಏನಂತೇ ಅವಳ ಭುಜಕ್ಕೆ?" ಇಸ್ತ್ರಿಯಕ್ಕ ಓಡಿ ಬಂದಳು. ಹೇಳಿದೆ. ಅವಳು ಪೆಟ್ಟಿಗೆ ಕೆಳಗಿಟ್ಟಳು. "ಫೋನು ಅಂದ್ಬಿಟ್ಟಿದ್ನಲ್ಲೇ" ಎಂದಳು.

ಮರುದಿನ ನಾಲ್ಕನೇ ಗೊಂಬೆಯನ್ನು ಎಳೆದುಕೊಂಡೆ. ಈಕೆಯ ಕತ್ತಿನ ಸುತ್ತಳತೆ ಒಂದೇ ವರ್ಷದಲ್ಲಿ ಯಾಕಷ್ಟು ಇಳಿದಿದೆಯೋ. ಅದನ್ನು ಕೇಳುವಂತಿಲ್ಲ, ಗೊತ್ತು. ಬಟ್ಟೆಯ ನೆಪದಲ್ಲಿ ಒಂದು ಪ್ರಶ್ನೆ ಇಂಗ್ಲಿಷಿನಲ್ಲಿ ಕೇಳಿದೆ: ಕಾಲರ್ ಹಿತವಾಗಿದೆಯೇ? ಕೇಳಿ, ಒಬ್ಬ ಹೆಂಗಸು ಯೋಚಿಸಿ ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತೆ.

"ಏನಾಯ್ತೇ?" ಇಸ್ತ್ರಿಯಕ್ಕ ಹಬೆಯ ಆಚೆಯಿಂದ ಕೂಗಿದಳು. "ಕರೆಂಟ್ ಹೋಯ್ತಾ?"

"ಶ್" ಎಂದೆ. "ಅವರು ಮಾತಾಡ್ತಾ ಇದಾರೆ."